ಮಲೇರಿಯಾ ಮಾತ್ರೆಯ ಸಾಕ್ಷ್ಯ

1942ರಲ್ಲಿ ಜಪಾನಿನ ಸೇನೆ ಜಾವಾ ದ್ವೀಪವನ್ನು ಹಿಡಿದ ಮೇಲೆ ಮಿತ್ರರಾಷ್ಟ್ರಗಳ ಪಡೆಗಳಿಗೆ ಕ್ವಿನೈನ್ ಸಿಗದೆ ಹೋಯಿತು. ಜಗತ್ತಿಗೆ ಬೇಕಾದ ಸಿಂಕೋನಾ ತೊಗಟೆಯ ಬಹುಪಾಲು ಬರುತ್ತಿದ್ದುದು ಅಲ್ಲಿಂದಲೇ. ಚಳಿಜ್ವರದ ಮಲೆನಾಡನ್ನು ಕಂಡ ನಮ್ಮ ಹಿರಿಯರಿಗೆ ಕ್ವಿನೈನ್ ಏನೆಂದು ಬಿಡಿಸಿ ಹೇಳಬೇಕಿಲ್ಲ, ಆ ಕಹಿ ಅವರ ನಾಲಿಗೆಗೆ ಗೊತ್ತು. ಅದರ ಜಾಗಕ್ಕೆ ಆಗ ಬಂದದ್ದು ಜರ್ಮನಿಯಲ್ಲಿ ಹತ್ತು ವರ್ಷ ಮೊದಲೇ ತಯಾರಾಗಿದ್ದ ಆಟೆಬ್ರಿನ್ ಎಂಬ ಹಳದಿ ಮಾತ್ರೆ. ಅದನ್ನು ದಿನವೂ ನುಂಗಿದ ಸೈನಿಕರ ಚರ್ಮ ಕಾಮಾಲೆಯಾದವರಂತೆ ಹಳದಿಗೆ ತಿರುಗುತ್ತಿತ್ತು.

ಯುದ್ಧ ಮುಗಿದು ಇಪ್ಪತ್ತೈದು ವರ್ಷಗಳಾದ ಮೇಲೆ, 1970ರಲ್ಲಿ, ಇದೇ ಆಟೆಬ್ರಿನ್ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಜೀವರಸಾಯನ ಪ್ರಯೋಗಾಲಯದಲ್ಲಿ ಬೇರೊಂದು ಕೆಲಸಕ್ಕೆ ಹಚ್ಚಲ್ಪಟ್ಟಿತು. ಕ್ರಾಯನ್‌ಹಾಫ್ ಎಂಬ ಸಂಶೋಧಕರು ಎಲೆಯಿಂದ ಬೇರ್ಪಡಿಸಿದ ಕ್ಲೋರೋಪ್ಲಾಸ್ಟುಗಳ ದ್ರಾವಣಕ್ಕೆ ಅದನ್ನು ಚಿಟಿಕೆಯಷ್ಟು ಬೆರೆಸಿದರು. ಕತ್ತಲಲ್ಲಿಟ್ಟು ನೋಡಿದಾಗ ಬಣ್ಣ ಹೊಳೆಯುತ್ತಿತ್ತು. ಕ್ಲೋರೋಪ್ಲಾಸ್ಟುಗಳ ಮೇಲೆ ಬೆಳಕು ಬಿಟ್ಟೊಡನೆ ಆ ಹೊಳಪು ಕುಗ್ಗಿತು, ಬೆಳಕು ಆರಿಸಿದರೆ ಮತ್ತೆ ಮೇಲೆದ್ದಿತು. ಎಲೆಯೊಳಗಿನ ಯಂತ್ರ ಓಡುತ್ತಿದೆಯೋ ನಿಂತಿದೆಯೋ ಎಂಬುದನ್ನು ಹೊರಗೆ ಕುಳಿತು ನೋಡಲು ಒಂದು ಕಿಂಡಿ ಸಿಕ್ಕಂತಾಯಿತು. ಆ ಕಿಂಡಿಯಲ್ಲಿ ಕಾಣುವುದನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂಬ ತಕರಾರು ಅಂದು ಹುಟ್ಟಿದ್ದು, ಇಂದಿಗೂ ಪೂರ್ತಿ ಇತ್ಯರ್ಥವಾಗಿಲ್ಲ. ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ ಎಂಬ ಕಾರಣಕ್ಕೇ ಈ ಬರಹ.

ಮೊದಲು ಆ ಯಂತ್ರದ ವಿಚಾರ. ಅದು ಮಾಡುವ ಕೆಲಸಕ್ಕೆ ‘ಎನರ್ಜಿ ಕನ್ಸರ್ವೇಶನ್’ ಎಂಬ ಹೆಸರಿದೆ. ಹಾಗೆಂದರೆ ನಮಗೆ ಈಗ ನೆನಪಾಗುವುದು ಎಲ್‌ಇಡಿ ಬಲ್ಬು ಮತ್ತು ಕರೆಂಟ್ ಬಿಲ್ಲು. ಜೀವರಸಾಯನದವರು ಅದೇ ಮಾತನ್ನು ಬಳಸುವ ಅರ್ಥವೇ ಬೇರೆ: ಬಂದ ಶಕ್ತಿ ಬಿಸಿಯಾಗಿ ಆವಿಯಾಗಿ ಹೋಗುವ ಮೊದಲು ಅದನ್ನು ಜೀವಕೋಶ ಗಂಟು ಕಟ್ಟಿಟ್ಟುಕೊಳ್ಳುವ ಬಗೆ. ಎಲೆಯಲ್ಲಿ ಆ ಗಂಟಿನ ಹೆಸರು ಎಟಿಪಿ. ಬೆಳಕಿನಿಂದ ಕ್ಲೋರೋಪ್ಲಾಸ್ಟು ಎಟಿಪಿ ತಯಾರಿಸುತ್ತದೆ ಎಂಬುದನ್ನು ಬರ್ಕ್ಲಿಯ ಡೇನಿಯಲ್ ಆರ್ನಾನ್ ಮತ್ತು ಸಂಗಡಿಗರು 1954ರಲ್ಲೇ ತೋರಿಸಿದ್ದರು. ಹೇಗೆ ತಯಾರಿಸುತ್ತದೆ ಎಂಬುದೇ ಒಗಟಾಗಿತ್ತು.

ಆಮ್‌ಸ್ಟರ್‌ಡ್ಯಾಮಿನ ಸ್ಲೇಟರ್ ಅವರ ಪ್ರಕಾರ ನಡುವೆ ಒಂದು ರಾಸಾಯನಿಕ ಮಧ್ಯವರ್ತಿ ಇರಬೇಕಿತ್ತು. ಶಕ್ತಿಯನ್ನು ಹೊತ್ತ ಒಂದು ಅಣು, ಅದು ತನ್ನ ಹೊರೆಯನ್ನು ಎಟಿಪಿಗೆ ದಾಟಿಸಿ ಇಳಿಸುತ್ತದೆ. ಆ ಅಣುವನ್ನು ಹುಡುಕಿದವರು ಅನೇಕರು, ಕಂಡವರಿಲ್ಲ. 1961ರಲ್ಲಿ ಪೀಟರ್ ಮಿಚೆಲ್ ಬೇರೆ ದಾರಿಯ ಮಾತಾಡಿದರು. ಅಣುವೇ ಬೇಡ, ಪೊರೆಯ ಎರಡು ಬದಿಗೆ ಪ್ರೋಟಾನುಗಳ ಏರುಪೇರು ಇದ್ದರೆ ಸಾಕು ಎಂದರು. ಆಗ ನಕ್ಕವರೇ ಹೆಚ್ಚು. ಅವರಿಗೆ ನೊಬೆಲ್ ಬಂದದ್ದು 1978ರಲ್ಲಿ.

ಕೆರೆಯ ಊರಿನವರಿಗೆ ಮಿಚೆಲ್ಲರ ಮಾತು ಕಷ್ಟವೇನಲ್ಲ. ಕ್ಲೋರೋಪ್ಲಾಸ್ಟಿನೊಳಗೆ ಥೈಲಕಾಯ್ಡ್ ಎಂಬ ಚಪ್ಪಟೆ ಚೀಲಗಳಿವೆ, ಚೀಲದ ಒಳಗಿನ ಕಿರಿದಾದ ಜಾಗವೇ ಕೆರೆ. ಬೆಳಕು ಬಿದ್ದಾಗ ಪೊರೆಯಲ್ಲಿನ ಯಂತ್ರಗಳು ಏತ ಹಾಕಿ ನೀರೆತ್ತುವವರ ಹಾಗೆ ಹೊರಗಿನ ಪ್ರೋಟಾನುಗಳನ್ನು ಒಳಗೆ ಎತ್ತಿಹಾಕುತ್ತವೆ. ಒಳಗೆ ಆಮ್ಲೀಯತೆ ಏರುತ್ತದೆ. ಆ ಪ್ರೋಟಾನುಗಳು ಮತ್ತೆ ಹೊರಗೆ ಬರಲು ಇರುವ ದಾರಿ ಒಂದು ತೂಬು, ಎಟಿಪಿ ಸಿಂಥೇಸ್ ಎಂಬ ಕಿಣ್ವ. ತೂಬಿನಲ್ಲಿ ಹರಿಯುವ ರಭಸಕ್ಕೆ ಒಂದು ಚಕ್ರ ತಿರುಗಿ ಎಟಿಪಿ ಹುಟ್ಟುತ್ತದೆ. ಪಾಲಕ್ ಸೊಪ್ಪಿನ ಚಕ್ರಕ್ಕೆ 14 ಹಲ್ಲುಗಳಿವೆ ಎಂದು 2000ದಲ್ಲಿ ಗೊತ್ತಾಯಿತು. ಒಂದು ಸುತ್ತಿಗೆ ಮೂರು ಎಟಿಪಿ, ಅಂದರೆ ಒಂದು ಎಟಿಪಿಗೆ ನಾಲ್ಕೂಮುಕ್ಕಾಲಿಗೆ ತುಸು ಕಡಿಮೆ ಪ್ರೋಟಾನು. ಈ ಲೆಕ್ಕ ಮುಂದೆ ಬೇಕಾಗುತ್ತದೆ.

ಇದಕ್ಕೆ ಅತ್ಯಂತ ಸರಳವಾದ ಪುರಾವೆ ಕೊಟ್ಟವರು ಆಂಡ್ರೆ ಜಾಗೆಂಡಾರ್ಫ್. ಅವರೂ ಉರಿಬೆ ಅವರೂ 1966ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕ್ಲೋರೋಪ್ಲಾಸ್ಟುಗಳನ್ನು ಪಿಎಚ್ 4ರ ಆಮ್ಲದಲ್ಲಿ ನೆನೆಸಿ, ಒಮ್ಮೆಲೇ ಪಿಎಚ್ 8ರ ದ್ರಾವಣಕ್ಕೆ ಸುರಿದರು. ಬೆಳಕಿಲ್ಲ, ಕಗ್ಗತ್ತಲು. ಆದರೂ ಎಟಿಪಿ ಹುಟ್ಟಿತು. ಏತದವರು ಮಲಗಿದ್ದಾಗ ಬೇರೆಯವರು ಕೆರೆ ತುಂಬಿಸಿಕೊಟ್ಟರೂ ಚಕ್ರ ತಿರುಗಿದಂತೆ. ಕೆರೆಯಲ್ಲಿ ನೀರಿದ್ದರೆ ಸಾಕು ಎಂಬುದು ಅಲ್ಲಿಗೆ ಖಾತರಿಯಾಯಿತು. ಆದರೆ ಬೆಳಕಿನಲ್ಲಿ ನಿಜವಾಗಿ ಓಡುತ್ತಿರುವ ಕ್ಲೋರೋಪ್ಲಾಸ್ಟಿನ ಕೆರೆಯಲ್ಲಿ ಎಷ್ಟು ಆಳ ನೀರಿದೆ? ಅದನ್ನು ಅಳೆಯಬೇಕಿತ್ತು. ಥೈಲಕಾಯ್ಡಿನ ಒಳಜಾಗ ಎಷ್ಟು ಇಕ್ಕಟ್ಟು ಎಂದರೆ ಅಲ್ಲಿಗೆ ಯಾವ ಪಿಎಚ್ ಕಡ್ಡಿಯೂ ಇಳಿಯದು. ಅಳತೆಗೋಲು ಒಂದು ಅಣುವಿನಷ್ಟು ಚಿಕ್ಕದಿರಬೇಕು.

ಹೊಳೆಯುವ ಬಣ್ಣಗಳು ಬಂದದ್ದು ಈ ಜಾಗಕ್ಕೆ.

ಆಟೆಬ್ರಿನ್ ಮೊದಲಿಗ, ಅದರ ಹಿಂದೆಯೇ ಬಂದು ಹೆಚ್ಚು ಹೆಸರು ಮಾಡಿದ್ದು 9-ಅಮೈನೋಆಕ್ರಿಡಿನ್. ಇದೂ ಮಹಾಯುದ್ಧದ ಕಾಲದ ಔಷಧವೇ, ಗಾಯಕ್ಕೆ ಹಚ್ಚುವ ಕ್ರಿಮಿನಾಶಕ. ಇಸ್ರೇಲಿನ ರೆಹೊವೊತ್ ಊರಿನ ವೈಜ್‌ಮನ್ ಸಂಸ್ಥೆಯಲ್ಲಿ ಶುಲ್ಡಿನರ್, ರೊಟೆನ್‌ಬರ್ಗ್ ಮತ್ತು ಅವ್ರೋನ್ 1972ರಲ್ಲಿ ಇದನ್ನು ಪಿಎಚ್ ಅಂತರದ ಅಳತೆಗೋಲಾಗಿ ಮುಂದಿಟ್ಟರು. ಅವ್ರೋನ್ ಹಿಂದೆ ಜಾಗೆಂಡಾರ್ಫರ ಬಳಿಯೇ ಪಳಗಿದವರು.

ಬಣ್ಣ ಕೆಲಸ ಮಾಡುವ ರೀತಿ ಇಲಿಬೋನಿನದು. ಈ ಅಣುವಿಗೆ ಎರಡು ಅವತಾರ. ಪ್ರೋಟಾನು ಕಚ್ಚಿಕೊಂಡರೆ ಅದರ ಮೇಲೆ ಧನ ವಿದ್ಯುದಂಶ ಬರುತ್ತದೆ, ಆಗ ಎಣ್ಣೆಯಂಥ ಪೊರೆಯನ್ನು ದಾಟಲಾರದು. ಪ್ರೋಟಾನು ಬಿಟ್ಟರೆ ನಿರಂಶ, ಸಲೀಸಾಗಿ ದಾಟುತ್ತದೆ. ಹೊರಗಿನ ಪಿಎಚ್ 8ರಲ್ಲಿ ನೂರಕ್ಕೆ ಒಂದರಷ್ಟು ಅಣುಗಳು ಮಾತ್ರ ನಿರಂಶವಾಗಿರುತ್ತವೆ, ದಾಟಲು ಅಷ್ಟು ಸಾಕು. ಒಳಗೆ ಕಾಲಿಟ್ಟೊಡನೆ ಅಲ್ಲಿನ ಆಮ್ಲದಲ್ಲಿ ಪ್ರೋಟಾನು ಕಚ್ಚಿಕೊಳ್ಳುತ್ತದೆ. ಬಂದ ಬಾಗಿಲು ಮುಚ್ಚಿತು. ಒಳಗೆ ಆಮ್ಲ ಹೆಚ್ಚಿದಷ್ಟೂ ಹೆಚ್ಚು ಅಣುಗಳು ಸಿಕ್ಕಿಬೀಳುತ್ತವೆ. ಸಿಕ್ಕಿಬಿದ್ದವು ಒತ್ತೊತ್ತಾಗಿ ಸೇರಿ ಹೊಳೆಯುವುದನ್ನು ನಿಲ್ಲಿಸುತ್ತವೆ ಎಂದು ಇಟ್ಟುಕೊಳ್ಳಿ. ಆಗ ಹೊಳಪಿನಲ್ಲಿ ಎಷ್ಟು ಪಾಲು ಕಳೆಯಿತೋ ಅಷ್ಟು ಪಾಲು ಬಣ್ಣ ಒಳಗಿದೆ ಎಂದಾಯಿತು. ಒಳಗಿನ ಗಾತ್ರ, ಹೊರಗಿನ ಗಾತ್ರ ಗೊತ್ತಿದ್ದರೆ ಪಿಎಚ್ ಅಂತರ ಕಾಗದದ ಮೇಲೆ ತೆಗೆಯಬಹುದು.

ಒಂದು ಲೆಕ್ಕ ಹಾಕಿಯೇ ನೋಡೋಣ, ಜಗಳವೆಲ್ಲ ಇದರಲ್ಲೇ ಅಡಗಿದೆ. ಎರಡು ಮಿಲಿಲೀಟರ್ ದ್ರಾವಣದಲ್ಲಿ 40 ಮೈಕ್ರೋಗ್ರಾಂ ಪತ್ರಹರಿತ್ತು ಇರುವಷ್ಟು ಥೈಲಕಾಯ್ಡ್ ಹಾಕಿದ್ದೇವೆ. ಪ್ರತಿ ಮಿಲಿಗ್ರಾಂ ಪತ್ರಹರಿತ್ತಿಗೆ 10 ಮೈಕ್ರೋಲೀಟರ್ ಒಳಜಾಗ ಎಂದು ಹಿಡಿದರೆ ಒಟ್ಟು ಒಳಜಾಗ 0.4 ಮೈಕ್ರೋಲೀಟರ್. ಹೊರಗಿನದು ಅದರ 5,000 ಪಟ್ಟು. ಬೆಳಕು ಬಿಟ್ಟಾಗ ಹೊಳಪು ಸರಿಯಾಗಿ ಅರ್ಧಕ್ಕೆ ಇಳಿಯಿತು ಎನ್ನಿ. ಅರ್ಧ ಬಣ್ಣ ಒಳಗೆ, ಅರ್ಧ ಹೊರಗೆ, ಜಾಗದ ಅನುಪಾತ 5,000. ಅಂದರೆ ಒಳಗೆ ಸಾಂದ್ರತೆ 5,000 ಪಟ್ಟು ಹೆಚ್ಚು, ಪಿಎಚ್ ಅಂತರ 3.7.

ಇನ್ನು ಪರ ವಾದ. ಈ ವಿಧಾನಕ್ಕೆ ಮೊದಲು ಇದ್ದದ್ದೇನು ಎಂದು ನೋಡಿದರೆ ಅದರ ಬೆಲೆ ತಿಳಿಯುತ್ತದೆ. ಅದೇ ರೆಹೊವೊತ್ ಗುಂಪು ವಿಕಿರಣಶೀಲ ಇಂಗಾಲ ಸೇರಿಸಿದ ಮೀಥೈಲಮೀನ್ ಬಳಸಿ ಇದೇ ಅಂತರವನ್ನು ಅಳೆದಿತ್ತು. ಅದಕ್ಕೆ ಕ್ಲೋರೋಪ್ಲಾಸ್ಟುಗಳನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತಳಕ್ಕಿಳಿಸಿ, ಎಷ್ಟು ವಿಕಿರಣ ಒಳಗೆ ಸೇರಿತೆಂದು ಎಣಿಸಬೇಕು. ಒಂದು ಪ್ರಯೋಗಕ್ಕೆ ಒಂದೇ ಬಿಂದು. ಸಿನಿಮಾ ನೋಡಬೇಕಾದವನಿಗೆ ಒಂದು ಫೋಟೋ ಕೈಗಿಟ್ಟ ಹಾಗೆ. ಬಣ್ಣ ಹಾಕಿದರೆ ಕ್ಷಣಕ್ಷಣದ ಏರಿಳಿತ ಕಾಗದದ ಸುರುಳಿಯ ಮೇಲೆ ಗೆರೆಯಾಗಿ ಮೂಡುತ್ತದೆ, ಅದೂ ಒಂದು ಸಾಧಾರಣ ಫ್ಲೋರಿಮೀಟರಿನಲ್ಲಿ, ಚೂರು ಪದಾರ್ಥದಲ್ಲಿ. ಪತ್ರಹರಿತ್ತು ತಾನೂ ಹೊಳೆಯುತ್ತದಲ್ಲ, ಗೊಂದಲವಾಗದೇ ಎಂದು ಕೇಳಬಹುದು. ಪತ್ರಹರಿತ್ತಿನ ಹೊಳಪು ಕಡುಗೆಂಪು, 9-ಅಮೈನೋಆಕ್ರಿಡಿನ್‌ನದು ನೀಲಿ. ಕೆಂಪು ಬೆಳಕಿನಿಂದ ಯಂತ್ರ ಓಡಿಸಿ, ಮಂದವಾದ ನೇರಳೆ ಬೆಳಕಿನಿಂದ ಬಣ್ಣವನ್ನು ಕೆಣಕಿ, ನೀಲಿಯನ್ನು ಮಾತ್ರ ಸೋಸಿ ಓದಿದರಾಯಿತು.

ಪರವಾದಿಗಳ ಅಸಲು ಬಲ ಇರುವುದು ಗೆರೆಯ ನಡತೆಯಲ್ಲಿ. ಬೆಳಕಿನಲ್ಲಿ ಹೊಳಪು ಕುಗ್ಗಿ ನಿಂತಿದೆ, ಆಗ ಎಟಿಪಿಯ ಕಚ್ಚಾಸಾಮಗ್ರಿಯಾದ ಎಡಿಪಿ ಮತ್ತು ಫಾಸ್ಫೇಟ್ ಹಾಕಿ. ತೂಬು ತೆರೆದುಕೊಂಡು ಪ್ರೋಟಾನು ಹೊರಹರಿದು ಎಟಿಪಿ ಹುಟ್ಟತೊಡಗುತ್ತದೆ, ಅದೇ ಗಳಿಗೆ ಬಣ್ಣದ ಗೆರೆಯೂ ಸ್ವಲ್ಪ ಮೇಲೇರುತ್ತದೆ. ಹಾಕಿದ ಎಡಿಪಿ ಮುಗಿದರೆ ಗೆರೆ ಮತ್ತೆ ಕೆಳಕ್ಕೆ. ನೀರುಗಂಟಿ ತೂಬೆತ್ತಿದಾಗ ಕೆರೆಯ ಮಟ್ಟ ಇಳಿದು, ಮುಚ್ಚಿದಾಗ ಏರುವುದನ್ನು ದಡದಲ್ಲಿ ನಿಂತು ನೋಡಿದಂತೆ. ಇನ್ನು ನೈಜೆರಿಸಿನ್ ಎಂಬ ಪದಾರ್ಥ ಹಾಕಿದರೆ, ಅದು ಪೊಟ್ಯಾಸಿಯಂ ಕೊಟ್ಟು ಪ್ರೋಟಾನು ತೆಗೆದುಕೊಂಡು ಕೆರೆಯ ಏರಿಯನ್ನೇ ಒಡೆಯುತ್ತದೆ, ಹೊಳಪು ಒಮ್ಮೆಲೇ ಮರಳುತ್ತದೆ. ಪೊರೆಯ ವಿದ್ಯುತ್ ಒತ್ತಡವನ್ನಷ್ಟೇ ಕರಗಿಸುವ ವ್ಯಾಲಿನೊಮೈಸಿನ್ ಹಾಕಿದರೆ ಹೀಗಾಗುವುದಿಲ್ಲ. ಅಂದಮೇಲೆ ಬಣ್ಣ ಸ್ಪಂದಿಸುತ್ತಿರುವುದು ಪಿಎಚ್ ಅಂತರಕ್ಕೇ ಅಲ್ಲವೇ? ಈ ಪ್ರಶ್ನೆಗೆ ಇಲ್ಲವೆಂದು ಹೇಳುವುದು ಸುಲಭವಲ್ಲ. ವಿರೋಧಿಗಳಲ್ಲೂ ಹೆಚ್ಚಿನವರು ಇಲ್ಲ ಎನ್ನುವುದಿಲ್ಲ, ‘ಪಿಎಚ್ ಅಂತರಕ್ಕೆ ಮಾತ್ರವೇ’ ಎಂದು ತಿರುಗಿ ಕೇಳುತ್ತಾರೆ.

ವಿರೋಧದ ಮೊದಲ ಮಾತು ಕ್ರಾಯನ್‌ಹಾಫರ ಲೇಖನದ ಶೀರ್ಷಿಕೆಯಲ್ಲೇ ಇತ್ತು. ಆಟೆಬ್ರಿನ್ ಬಣ್ಣವಾಗುವುದಕ್ಕಿಂತ ಮೊದಲೇ ‘ಅನ್‌ಕಪ್ಲರ್’ ಎಂದು ಗುರುತಾಗಿತ್ತು. ಎಂದರೆ ಬೆಳಕಿನ ಯಂತ್ರಕ್ಕೂ ಎಟಿಪಿ ಯಂತ್ರಕ್ಕೂ ಇರುವ ಕೊಂಡಿ ಬಿಚ್ಚುವ ಪದಾರ್ಥ. ಒಳಗೆ ಹೊಕ್ಕ ಪ್ರತಿ ಅಣುವೂ ಪ್ರೋಟಾನು ನುಂಗುತ್ತದೆ, ಅಳೆಯಹೋದ ನೀರನ್ನು ಅಳತೆಗೋಲೇ ಕುಡಿದಂತೆ. ಕೆಲವೇ ಮೈಕ್ರೋಮೋಲಾರ್ ಬಳಸಿದರೆ ಕುಡಿಯುವುದು ಲೆಕ್ಕಕ್ಕೆ ಬಾರದಷ್ಟು ಎನ್ನುವುದು ಇದಕ್ಕೆ ಬಂದ ಉತ್ತರ. ಈ ಉತ್ತರ ನನಗೆ ಒಪ್ಪಿಗೆಯೇ. ಸಾಂದ್ರತೆಯನ್ನು ಇಳಿಸುತ್ತಾ ಹೋಗಿ ಫಲಿತಾಂಶ ಬದಲಾಗದ ಹಂತ ಕಂಡುಕೊಳ್ಳುವುದು ಯಾರಿಗೂ ಅಸಾಧ್ಯವಲ್ಲ.

ಎರಡನೆಯದು ಒಳಜಾಗದ ಗಾತ್ರ. ಮೇಲಿನ ಲೆಕ್ಕದಲ್ಲಿ 10 ಮೈಕ್ರೋಲೀಟರ್ ಎಂದು ಹಿಡಿದೆವು. ಥೈಲಕಾಯ್ಡ್ ಚೀಲ ಸುತ್ತಲ ದ್ರಾವಣದ ಉಪ್ಪು-ಸಕ್ಕರೆಯನ್ನು ನೋಡಿಕೊಂಡು ಉಬ್ಬುತ್ತದೆ, ಸೊರಗುತ್ತದೆ, ಬೆಳಕಿನಲ್ಲೂ ಬದಲಾಗುತ್ತದೆ. ಗಾತ್ರ 20 ಆಗಿದ್ದರೆ ಉತ್ತರ 3.7 ಹೋಗಿ 3.4 ಆಗುತ್ತದೆ. ‘ಗಾತ್ರದಲ್ಲಿ ಇಮ್ಮಡಿ ತಪ್ಪಿದರೂ ಉತ್ತರದಲ್ಲಿ 0.3 ತಾನೆ’ ಎಂದು ಪರವಾದಿಗಳು ಲಾಗರಿದಂ ಮೇಲೆ ಭಾರ ಹಾಕುತ್ತಾರೆ. ಕಿವಿಗೆ ಹಿತವಾದ ಮಾತು. ಆದರೆ 14 ಹಲ್ಲಿನ ಚಕ್ರವನ್ನು ಈಗ ನೆನಪಿಸಿಕೊಳ್ಳಿ. ಪಿಎಚ್‌ನ ಒಂದು ಘಟಕಕ್ಕೆ ಮೋಲಿಗೆ 5.7 ಕಿಲೋಜೂಲ್ ಶಕ್ತಿ. 0.3 ಘಟಕಕ್ಕೆ 1.7. ಒಂದು ಎಟಿಪಿಗೆ 4.67 ಪ್ರೋಟಾನು ಎಂದಾಗ ಅದು 8 ಕಿಲೋಜೂಲ್ ಆಗಿ ಬೆಳೆಯುತ್ತದೆ. ಕ್ಲೋರೋಪ್ಲಾಸ್ಟಿನಲ್ಲಿ ಎಟಿಪಿ ಕಟ್ಟಲು ಬೇಕಾಗುವುದು ಸುಮಾರು 50. ಆರರಲ್ಲೊಂದು ಪಾಲಿನಷ್ಟು ಎಡವಟ್ಟು. ಇಷ್ಟು ಅಂತರವಿದ್ದರೆ ಶಕ್ತಿಯ ಜಮಾಖರ್ಚು ತಾಳೆಯಾಗುತ್ತದೆಯೇ ಇಲ್ಲವೇ ಎಂದು ಹೇಳಲಾಗದು. ಗೆರೆ ಏರಿತೇ ಇಳಿಯಿತೇ ಎಂದು ನೋಡುವವನಿಗೆ 0.3 ಏನೂ ಅಲ್ಲ, ಲೆಕ್ಕ ಬರೆಯುವವನಿಗೆ ಅದೇ ಎಲ್ಲ.

ಮೂರನೆಯದು ಎಲ್ಲಕ್ಕಿಂತ ಆಳದ್ದು, ಇದರ ಬಗ್ಗೆ ಇಪ್ಪತ್ತು ವರ್ಷ ಕೆಲಸ ನಡೆಯಿತು. ಹೊಳಪು ಕಳೆದ ಬಣ್ಣವೆಲ್ಲ ಒಳಗಿನ ನೀರಿನಲ್ಲಿ ಬಿಡುಬೀಸಾಗಿ ತೇಲುತ್ತಿದೆ ಎಂದು ಆ ಸೂತ್ರ ನಂಬುತ್ತದೆ. ನಂಬಬಹುದೇ? ದ್ರಾವಣದಲ್ಲಿ 5 ಮೈಕ್ರೋಮೋಲಾರ್ ಬಣ್ಣವಿದ್ದು ಅರ್ಧ ಒಳಗೆ ಸೇರಿದರೆ, ಆ 0.4 ಮೈಕ್ರೋಲೀಟರಿನಲ್ಲಿ ಅದರ ಸಾಂದ್ರತೆ 12.5 ಮಿಲಿಮೋಲಾರ್. ಧನ ವಿದ್ಯುದಂಶ ಹೊತ್ತ, ಚಪ್ಪಟೆಯಾದ, ಒಂದರ ಮೇಲೊಂದು ಅಂಟಿಕೊಳ್ಳಲು ಹಾತೊರೆಯುವ ಅಣು ಅದು. ಸುತ್ತಲ ಗೋಡೆಯೋ ಋಣ ವಿದ್ಯುದಂಶದ ಪೊರೆ. ಹಬ್ಬದ ದಿನದ ಬಸ್ಸಿನಲ್ಲಿ ಎಲ್ಲರೂ ನಡುವೆಯೇ ನಿಂತಿದ್ದಾರೆ, ಒಬ್ಬರೂ ಕಂಬಿ ಹಿಡಿದಿಲ್ಲ ಎಂದು ಹೇಳಿದಂತಾಯಿತು.

ಈ ಅನುಮಾನವನ್ನು ಮೊದಲು ಬಲವಾಗಿ ಎತ್ತಿದವರಲ್ಲಿ ಆಮ್‌ಸ್ಟರ್‌ಡ್ಯಾಮಿನ ಫಿಯೋಲೆಟ್, ಬಾಕರ್ ಮತ್ತು ವಾನ್ ಡಾಮ್ ಸೇರುತ್ತಾರೆ. 1974ರಲ್ಲಿ ಅವರು ಕ್ಲೋರೋಪ್ಲಾಸ್ಟಿನ ಜೊತೆಗೆ ಲಿಪೋಸೋಮುಗಳನ್ನೂ, ಅಂದರೆ ಬರೀ ಕೊಬ್ಬಿನಿಂದ ಕಟ್ಟಿದ ಪೊಳ್ಳು ಗುಳ್ಳೆಗಳನ್ನೂ, ಇಟ್ಟುಕೊಂಡು ಹೊಳಪಿಗೂ ಪಿಎಚ್ ಅಂತರಕ್ಕೂ ಇರುವ ಪ್ರಮಾಣಸಂಬಂಧವನ್ನು ಪರೀಕ್ಷೆಗೊಡ್ಡಿದರು. 1977ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಸರ್ಲ್, ಬಾರ್ಬರ್ ಮತ್ತು ಮಿಲ್ಸ್ ತೋರಿಸಿದ್ದು ಇನ್ನೂ ಮುಜುಗರದ ಸಂಗತಿ. ಉಪ್ಪು ಕಡಿಮೆಯಿರುವ ದ್ರಾವಣದಲ್ಲಿ, ಕತ್ತಲಿನಲ್ಲೇ, ಯಾವ ಪಿಎಚ್ ಅಂತರವೂ ಇಲ್ಲದಿರುವಾಗಲೂ 9-ಅಮೈನೋಆಕ್ರಿಡಿನ್ ಮಂಕಾಗುತ್ತದೆ. ಪೊರೆಯ ಹೊರಮೈಯ ಋಣ ವಿದ್ಯುದಂಶಕ್ಕೆ ಸೆಳೆದು ಅಲ್ಲಿ ಕವಿದುಕೊಳ್ಳುತ್ತದೆ. ಸ್ವಲ್ಪ ಮೆಗ್ನೀಷಿಯಂ ಹಾಕಿದರೆ ಅದು ಬಣ್ಣವನ್ನು ತಳ್ಳಿ ಆ ಜಾಗ ಹಿಡಿಯುತ್ತದೆ, ಹೊಳಪು ಮೇಲೇಳುತ್ತದೆ. ಕೆರೆಯ ನೀರನ್ನು ಅಳೆಯಲು ಇಟ್ಟುಕೊಂಡ ಕೋಲು ಏರಿಯ ಮಣ್ಣಿನ ತೇವಕ್ಕೂ ಸೂಚನೆ ಕೊಡುತ್ತಿತ್ತು.

ಬಾರ್ಬರ್ ಗುಂಪಿನವರ ಜಾಣತನ ನೋಡಿ. ಈ ದೋಷವನ್ನು ಹಿಡಿದು ಬಣ್ಣವನ್ನು ಬೀದಿಗೆಸೆಯಲಿಲ್ಲ. ಹೊರಮೈಯ ವಿದ್ಯುದಂಶ ಎಷ್ಟೆಂದು ಅಳೆಯಲು ಅದನ್ನೇ ಬಳಸಿಕೊಂಡರು. ಒಬ್ಬರ ತಲೆನೋವು ಇನ್ನೊಬ್ಬರ ಅಳತೆಗೋಲಾಯಿತು. ಬಾರ್ಬರ್ ಮುಂದೆ ದ್ಯುತಿಸಂಶ್ಲೇಷಣೆಯ ಕ್ಷೇತ್ರದಲ್ಲಿ ದೊಡ್ಡ ಹೆಸರಾದರು.

1988 ಮತ್ತು 1989ರಲ್ಲಿ ಗ್ರ್ಜೆಸಿಕ್ ಮತ್ತು ಡೆಂಕರ್ ಪ್ರಕಟಿಸಿದ ಕೆಲಸ ಈ ಚರ್ಚೆಯ ಗತಿ ತಿರುಗಿಸಿತು. ಅವರೂ ಕೊಬ್ಬಿನ ಗುಳ್ಳೆಗಳನ್ನೇ ಬಳಸಿದರು. ಗುಳ್ಳೆಯ ಪೊರೆಯಲ್ಲಿ ಋಣ ವಿದ್ಯುದಂಶದ ಕೊಬ್ಬು ಇದ್ದರೆ ಮಾತ್ರ ಬಣ್ಣ ನಿರೀಕ್ಷೆಯಂತೆ ಮಂಕಾಯಿತು. ಮಂಕಾಗಲು ಕಾರಣ, ಪೊರೆಯ ಮೇಲೆ ಅಣುಗಳು ಜೋಡಿಜೋಡಿಯಾಗಿ ಸೇರುವುದು ಎಂದು ಹೊಳಪಿನ ಬಣ್ಣಪಟ್ಟಿಯನ್ನೇ ಓದಿ ತೋರಿಸಿದರು. ‘ಒಳಗಿನ ನೀರಿನಲ್ಲಿ ತೇಲುವ ಬಣ್ಣ’ ಎಂಬ 1972ರ ಚಿತ್ರ ಅಲ್ಲಿಗೆ ಕೆಟ್ಟಿತು. ಪಿಎಚ್ ಅಂತರ ಬಣ್ಣವನ್ನು ಒಳಗೆ ಎಳೆಯುವುದು ನಿಜ. ಆದರೆ ಎಳೆದು ತಂದ ಮೇಲೆ ಹೊಳಪನ್ನು ಆರಿಸುವ ಕೈ ಪೊರೆಯದು. ಹಾಗಾದರೆ ಸೂತ್ರದಲ್ಲಿನ ‘ಗಾತ್ರ’ ನಿಜವಾದ ಗಾತ್ರವಲ್ಲ, ಪೊರೆಯ ಗುಣ, ಉಪ್ಪಿನ ಪ್ರಮಾಣ, ಬಣ್ಣದ ಸಾಂದ್ರತೆ ಎಲ್ಲ ಕಲಸಿದ ಒಂದು ಸಂಖ್ಯೆ.

ಆಗ ನಾವು ಹಾಕಿದ ಲೆಕ್ಕದ 3.7ಕ್ಕೆ ಏನು ಅರ್ಥ? ಹೊರಗೆ ಪಿಎಚ್ 8 ಇದ್ದರೆ ಒಳಗೆ 4.3 ಎಂದಾಯಿತು, ಟೊಮೇಟೊ ರಸದಷ್ಟು ಹುಳಿ. ನೀರನ್ನು ಸೀಳಿ ಆಮ್ಲಜನಕ ಬಿಡುವ ಯಂತ್ರ ಇರುವುದು ಇದೇ ಒಳಬದಿಯಲ್ಲಿ. ಇಂಥ ಹುಳಿಯಲ್ಲಿ ಅದು ತನ್ನ ಕ್ಯಾಲ್ಸಿಯಂ ಕಳೆದುಕೊಂಡು ಕೆಡುತ್ತದೆ. ಡೇವಿಡ್ ಕ್ರೇಮರ್ ಮತ್ತು ಸಂಗಡಿಗರು 1999ರಲ್ಲಿ ಎತ್ತಿದ್ದು ಇದೇ ಪ್ರಶ್ನೆ: ಥೈಲಕಾಯ್ಡಿನ ಒಳಗು ನಿಜಕ್ಕೂ ಎಷ್ಟು ಹುಳಿ? ಜೀವಂತ ಎಲೆಯಲ್ಲಿ, ಸಾಧಾರಣ ಪರಿಸ್ಥಿತಿಯಲ್ಲಿ, ಅದು ಪಿಎಚ್ 5.8ಕ್ಕಿಂತ ಬಹಳ ಕೆಳಗಿಳಿಯಲಾರದು ಎಂದು ಅವರು ವಾದಿಸಿದರು. ಅಷ್ಟು ಕಡಿಮೆ ಅಂತರದಲ್ಲಿ ಎಟಿಪಿ ಕಟ್ಟಲು ಪೂರ್ತಿ ಬಲ ಸಾಲದು, ಆದ್ದರಿಂದ ಪೊರೆಯ ವಿದ್ಯುತ್ ಒತ್ತಡವೂ ಕೈಜೋಡಿಸುತ್ತಿರಬೇಕು ಎಂಬುದು ಅದರ ಬೆನ್ನಿಗೆ ಬಂದ ತರ್ಕ.

ಇಲ್ಲಿ ಬಣ್ಣದ ಪರವಾಗಿ ಒಂದು ಮಾತು ಹೇಳದಿದ್ದರೆ ಅನ್ಯಾಯ. ಬಣ್ಣ ಅಳೆದದ್ದು ಗಾಜಿನ ಡಬ್ಬಿಯಲ್ಲಿರುವ ಒಡೆದ ಕ್ಲೋರೋಪ್ಲಾಸ್ಟನ್ನು. ಅಲ್ಲಿ ಪೊಟ್ಯಾಸಿಯಂ, ಕ್ಲೋರೈಡ್ ಧಾರಾಳ, ವಿದ್ಯುತ್ ಒತ್ತಡ ಬೇಗ ಕರಗಿ ಎಲ್ಲ ಭಾರ ಪಿಎಚ್ ಮೇಲೆ ಬೀಳುತ್ತದೆ. ಎಟಿಪಿ ಕಟ್ಟುವ ಕೆಲಸವಿಲ್ಲದೆ ತೂಬು ಮುಚ್ಚಿದ್ದರಂತೂ ಕೆರೆ ಕೋಡಿ ಹರಿಯುವಷ್ಟು ತುಂಬುತ್ತದೆ. ಗದ್ದೆಗೆ ನೀರು ಬಿಟ್ಟ ಕೆರೆಗೂ ತೂಬು ಮುಚ್ಚಿದ ಕೆರೆಗೂ ಮಟ್ಟ ಬೇರೆಯಿದ್ದರೆ ಅಳತೆಗೋಲಿನದೇ ತಪ್ಪು ಎನ್ನುವುದು ಹೇಗೆ? ವಿರೋಧಿಗಳು ಅನೇಕ ಸಲ ಈ ಎರಡು ದೂರುಗಳನ್ನು ಕಲಸಿಬಿಡುತ್ತಾರೆ. ಬಣ್ಣ ಸುಳ್ಳು ಹೇಳುತ್ತಿದೆ ಎಂಬುದೊಂದು ದೂರು, ಡಬ್ಬಿಯಲ್ಲಿರುವುದು ಎಲೆಯಲ್ಲ ಎಂಬುದು ಇನ್ನೊಂದು.

ಎಲೆಯಲ್ಲೇ ಅಳೆಯಬೇಕೆಂದರೆ ಬಣ್ಣಕ್ಕೆ ಅಲ್ಲಿ ಕೆಲಸವಿಲ್ಲವೆಂದೇ ಹೇಳಬೇಕು. ಹೊರಗಿನ ಅಣು ಎಲೆಯ ಎಷ್ಟೋ ಪೊರೆಗಳನ್ನು ದಾಟಿ, ದಾರಿಯಲ್ಲಿ ಸಿಗುವ ಇನ್ನೊಂದು ಆಮ್ಲದ ಚೀಲವಾದ ವ್ಯಾಕ್ಯೂಲಿನಲ್ಲಿ ಸಿಕ್ಕಿಬೀಳದೆ, ಥೈಲಕಾಯ್ಡ್ ತಲುಪಿ, ಅಲ್ಲಿಂದ ಮಾತ್ರ ಸುದ್ದಿ ಕಳಿಸಬೇಕು. ಆದ್ದರಿಂದ ಕ್ರೇಮರ್ ಹಾದಿಯವರು ಗಿಡ ತಾನಾಗಿ ಕೊಡುವ ಸಂಕೇತಗಳ ಕಡೆ ತಿರುಗಿದರು. ಪೊರೆಯ ವಿದ್ಯುತ್ ಒತ್ತಡ ಏರಿದಾಗ ಅಲ್ಲೇ ಇರುವ ಕ್ಯಾರಟಿನಾಯ್ಡ್ ಮೊದಲಾದ ವರ್ಣಕಗಳ ಬಣ್ಣ ಕೂದಲೆಳೆಯಷ್ಟು ಸರಿಯುತ್ತದೆ, 515 ನ್ಯಾನೋಮೀಟರ್ ಹತ್ತಿರ ಅದನ್ನು ಓದಬಹುದು. ಬರ್ಲಿನ್ನಿನ ಯುಂಗೆ ಮತ್ತು ವಿಟ್ 1968ರಲ್ಲೇ ಇದನ್ನು ಅಳತೆಗೆ ಬಳಸಿದ್ದರು. ಹೊರಗಿನಿಂದ ಏನನ್ನೂ ಬೆರೆಸಬೇಕಿಲ್ಲ, ಸಾಕ್ಷಿ ಮನೆಯವನೇ.

ಮನೆಯವನ ಸಾಕ್ಷ್ಯ ಎಂದಾಕ್ಷಣ ಅಡ್ಡಪ್ರಶ್ನೆ ತಪ್ಪುವುದಿಲ್ಲ. ಅದೇ ತರಂಗದ ಅಕ್ಕಪಕ್ಕದಲ್ಲೇ ಜೀಯಾಜ್ಯಾಂಥಿನ್ ಎಂಬ ವರ್ಣಕದ ಬದಲಾವಣೆಯ ಸಂಕೇತಗಳೂ ಪೊರೆ ಮುದುಡುವುದರಿಂದ ಬೆಳಕು ಚದುರುವ ಸಂಕೇತಗಳೂ ಬರುತ್ತವೆ. ಸ್ಥಿರ ಬೆಳಕಿನಲ್ಲಿ ವಿದ್ಯುತ್ ಒತ್ತಡದ ಪಾಲು ಎಂದು ಓದುತ್ತಿರುವುದರಲ್ಲಿ ಇಂಥ ಬೆರಕೆಯಿದೆ, ಆ ಪಾಲು ಇದೆಯೇ ಎಂಬುದನ್ನೇ ಮರುಯೋಚಿಸಬೇಕು ಎಂದು ಜಾನ್ಸನ್ ಮತ್ತು ರೂಬನ್ 2014ರಲ್ಲಿ ಬರೆದರು. ಕ್ರೇಮರ್ ಪಕ್ಷ ಇದನ್ನು ಒಪ್ಪಿ ಸುಮ್ಮನಾಗಲಿಲ್ಲ. ನಾನು ಇದನ್ನು ಇಲ್ಲಿ ತಂದದ್ದು ಗೆದ್ದವರಾರು ಎಂದು ಸಾರಲಿಕ್ಕಲ್ಲ. ಹೊರಗಿನ ಬಣ್ಣಕ್ಕೆ ಹೊರಿಸಿದ ಆರೋಪ, ಒಂದು ಸಂಕೇತದಲ್ಲಿ ಹಲವು ಕಾರಣ ಬೆರೆತಿವೆ ಎಂಬ ಅದೇ ಆರೋಪ, ಒಳಗಿನ ಬಣ್ಣದ ಬಾಗಿಲಿಗೂ ಬಂತು ಎಂಬುದು ಗಮನಿಸಬೇಕಾದ್ದು. ಬಣ್ಣ ಬೆರೆಸದ ವಿಧಾನ ಶುದ್ಧ, ಬೆರೆಸಿದ್ದು ಮೈಲಿಗೆ ಎಂಬ ಮಡಿವಂತಿಕೆ ಈ ಕ್ಷೇತ್ರದಲ್ಲೂ ಆಗಾಗ ಕಾಣುತ್ತದೆ, ಅದಕ್ಕೆ ಆಧಾರ ಕಡಿಮೆ.

ಒಂದು ಅಡ್ಡಮಾತು. ಎಟಿಪಿಯ ಚಕ್ರ ನಿಜವಾಗಿ ತಿರುಗುತ್ತದೆ ಎಂದು ಜಗತ್ತಿಗೆ ಕಣ್ಣಾರೆ ತೋರಿಸಿದ್ದೂ ಹೊಳೆಯುವ ಬಣ್ಣವೇ. 1997ರಲ್ಲಿ ಜಪಾನಿನ ನೋಜಿ, ಯೋಶಿದಾ, ಕಿನೋಸಿತಾ ಮತ್ತು ಸಂಗಡಿಗರು ಬ್ಯಾಕ್ಟೀರಿಯಾ ಒಂದರ ಎಟಿಪಿ ಸಿಂಥೇಸಿನ ಚಕ್ರದ ಅಚ್ಚಿಗೆ ಬಣ್ಣ ಹಚ್ಚಿದ ಆಕ್ಟಿನ್ ಎಂಬ ಪ್ರೋಟೀನಿನ ಎಳೆಯೊಂದನ್ನು ಅಂಟಿಸಿ, ಎಟಿಪಿ ಕೊಟ್ಟಾಗ ಅದು ಗಿರಗಿರ ಸುತ್ತುವುದನ್ನು ಸೂಕ್ಷ್ಮದರ್ಶಕದಡಿ ಚಿತ್ರೀಕರಿಸಿದರು. ಆ ಬಣ್ಣದ ಮೇಲೆ ಯಾರೂ ತಕರಾರು ತೆಗೆಯಲಿಲ್ಲ. ತೆಗೆಯಲು ಕಾರಣವೂ ಇರಲಿಲ್ಲ, ಅದು ಹೊಳೆದು ಕಾಣಿಸಿಕೊಂಡರೆ ಸಾಕಿತ್ತು. ಜಾತ್ರೆಯ ರಥಕ್ಕೆ ದೀಪ ಕಟ್ಟುವುದು ರಥ ಎಲ್ಲಿದೆ ಎಂದು ತಿಳಿಯಲು. ದೀಪದ ಬೆಳಕು ಎಷ್ಟು ಕುಂದಿತು ಎಂಬುದರಿಂದ ರಥದ ತೂಕ ಹೇಳಹೊರಟರೆ ಆಗ ದೀಪದ ಎಣ್ಣೆ, ಬತ್ತಿ, ಗಾಳಿ ಎಲ್ಲದರ ವಿಚಾರಣೆ ನಡೆಸಲೇಬೇಕಾಗುತ್ತದೆ. 9-ಅಮೈನೋಆಕ್ರಿಡಿನ್‌ಗೆ ಬಿದ್ದದ್ದು ಈ ಎರಡನೆಯ ಪಾಡು.

ಹಾಗಾದರೆ ನಾನು ಯಾವ ಕಡೆ? ಗೆರೆಯ ಕಡೆ, ಅಂಕಿಯ ಕಡೆಗಲ್ಲ. ಒಂದೇ ಬ್ಯಾಚಿನ ಥೈಲಕಾಯ್ಡು, ಒಂದೇ ಉಪ್ಪು, ಒಂದೇ ಸಾಂದ್ರತೆಯ ಬಣ್ಣ ಇಟ್ಟುಕೊಂಡು ‘ಈ ಔಷಧಿ ಹಾಕಿದರೆ ಅಂತರ ಹೆಚ್ಚಿತೇ, ಕಡಿಮೆಯಾಯಿತೇ, ಎಷ್ಟು ಬೇಗ’ ಎಂದು ಕೇಳುವವರಿಗೆ ಬಣ್ಣದಷ್ಟು ಅಗ್ಗದ, ಚುರುಕಿನ ಉತ್ತರ ಕೊಡುವುದು ಇನ್ನೊಂದಿಲ್ಲ. ಕಳೆನಾಶಕ ಎಲ್ಲಿ ಹೊಡೆಯುತ್ತದೆ, ಮ್ಯುಟೆಂಟ್ ಗಿಡದ ಪೊರೆ ಸೋರುತ್ತದೆಯೇ ಎಂಬ ಪ್ರಶ್ನೆಗಳಿಗೆ ಅದು ಧಾರಾಳ ಸಾಕು. ಆದರೆ ‘ಪಿಎಚ್ ಅಂತರ 3.4’ ಎಂದು ದಶಾಂಶದ ಸಮೇತ ಕೋಷ್ಟಕದಲ್ಲಿ ಬರೆದು, ಅದರ ಮೇಲೆ ಶಕ್ತಿಯ ಜಮಾಖರ್ಚು ಕಟ್ಟುವವರು ಇನ್ನೊಂದು ವಿಧಾನದ ಸಾಕ್ಷಿಯನ್ನೂ ಕರೆತರಬೇಕು. 2000ದಲ್ಲಿ ಎವ್ರಾನ್ ಮತ್ತು ಮೆಕಾರ್ಟಿ 9-ಅಮೈನೋಆಕ್ರಿಡಿನ್ ಹೊಳಪನ್ನೂ ಎಲೆಕ್ಟ್ರಾನ್ ಹರಿವನ್ನೂ ಒಂದೇ ಡಬ್ಬಿಯಲ್ಲಿ ಏಕಕಾಲಕ್ಕೆ ಅಳೆದದ್ದು ಈ ದಿಕ್ಕಿನ ಹೆಜ್ಜೆ. ಬಣ್ಣವನ್ನು ಬಿಟ್ಟುಕೊಡದೆಯೇ ಅದರ ಜೊತೆಗಾರನನ್ನು ಹುಡುಕಿಕೊಂಡರು.

ವಿರೋಧಿಗಳ ಒಂದು ಮಾತಿಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಪ್ರಯೋಗದ ಕೊನೆಯಲ್ಲಿ ನೈಜೆರಿಸಿನ್ ಹಾಕಿದಾಗ ಹೊಳಪು ಮರಳುತ್ತದೆ ಎಂದೆ. ಮರಳುವುದು ನಿಜ, ಆದರೆ ಯಾವಾಗಲೂ ಹೊರಟಲ್ಲಿಗೇ ಅಲ್ಲ. ಮೊದಲಿನ ಮಟ್ಟಕ್ಕಿಂತ ಒಮ್ಮೆ ನಾಲ್ಕು ಕೂದಲೆಳೆ ಕೆಳಗೆ ನಿಲ್ಲುತ್ತದೆ, ಇನ್ನೊಮ್ಮೆ ಮೇಲೆ ಹೋಗಿ ಕೂರುತ್ತದೆ. ಬಣ್ಣ ಬೆಳಕಿಗೆ ಕರಗಿತೋ, ಪೊರೆಗೆ ಅಂಟಿಕೊಂಡೇ ಉಳಿಯಿತೋ, ಪೊರೆಯ ವಿದ್ಯುದಂಶವೇ ಈ ನಡುವೆ ಬದಲಾಯಿತೋ ಆ ಗೆರೆ ಹೇಳುವುದಿಲ್ಲ. ಸೊನ್ನೆ ಎಲ್ಲಿದೆ ಎಂದು ಗುರುತು ಹಾಕಬೇಕಾದದ್ದು ಅಲ್ಲೇ, ಪೆನ್ಸಿಲ್ ಹಿಡಿದವರು ಎರಡು ಗೆರೆಗಳ ನಡುವೆ ಎಲ್ಲೋ ಒಂದು ಕಡೆ ಹಾಕಿ ಮುಂದೆ ಸಾಗುತ್ತಾರೆ.